ಮ್ಯಾಪ್ ನಮ್ಮನ್ನು ಕಾಫಿ ತೋಟದ ಗೇಟಿಗೆ ತಂದು ನಿಲ್ಲಿಸಿದ್ದು ಯಾಕೆ?

ಪ್ರಶ್ನೆ: ನಾವು ಮೈಸೂರಿನವರು. ಮಳೆ ಶುರುವಾದ ವಾರ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರ ನಾದಿನಿಯ ಹೊಸ ಮನೆ ಗೃಹಪ್ರವೇಶಕ್ಕೆ ಕಾರಿನಲ್ಲಿ ಹೊರಟಿದ್ದೆವು. ಹಾಸನ, ಬೇಲೂರು ದಾಟುವವರೆಗೆ ಮ್ಯಾಪ್ ಸರಿಯಾಗಿಯೇ ಕರೆದುಕೊಂಡು ಬಂತು. ಆಮೇಲೆ ಏಳು ನಿಮಿಷ ಉಳಿಯುತ್ತದೆ ಎಂದು ಎಡಕ್ಕೆ ತಿರುಗಿಸಿತು. ಟಾರು ಮುಗಿದು ಜಲ್ಲಿ ಬಂತು, ಜಲ್ಲಿ ಮುಗಿದು ಕೆಸರು ಬಂತು. ಕೊನೆಗೆ ಒಂದು ಎಸ್ಟೇಟಿನ ಬೀಗ ಹಾಕಿದ ಗೇಟಿನ ಮುಂದೆ ನಿಂತೆವು. ಅದು ಮಾತ್ರ ‘ನೇರವಾಗಿ ಹೋಗಿ’ ಎಂದು ಹೇಳುತ್ತಲೇ ಇತ್ತು. ಒಳಗಿಂದ ಬಂದ ಹೆಂಗಸು, ‘ಮ್ಯಾಪ್ ನೋಡ್ಕೊಂಡ್ ಬಂದ್ರಾ? ಈ ವಾರ ನೀವು ಮೂರನೇಯವರು’ ಎಂದು ನಕ್ಕರು. ನಮಗೂ ನಗು ಬಂತು, ಆದರೆ ಗಾಡಿ ತಿರುಗಿಸಿಕೊಂಡು ವಾಪಸ್ ಬರಲು ಮುಕ್ಕಾಲು ಗಂಟೆ ಹಿಡಿದು ಮುಹೂರ್ತವೇ ತಪ್ಪಿತು. ‘ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ, ನೀವು ಯಾರನ್ನೂ ಒಂದು ಮಾತು ಕೇಳಲಿಲ್ಲ’ ಎಂದು ನಮ್ಮ ಮಾವ ಇವತ್ತಿಗೂ ಹೇಳುತ್ತಾರೆ. ಮಲೆನಾಡಿನಲ್ಲಿ ಜಿಪಿಎಸ್ ಕೆಲಸ ಮಾಡುವುದಿಲ್ಲವೇ? ನೆಟ್‌ವರ್ಕ್ ಇಲ್ಲದ್ದು ಕಾರಣವೇ? ಕಾರಿನಲ್ಲೇ ನ್ಯಾವಿಗೇಶನ್ ಇರುವ ಗಾಡಿ ತೆಗೆದುಕೊಂಡರೆ ಈ ಕಾಟ ತಪ್ಪುತ್ತದಾ?

ಉತ್ತರ: ಮುಹೂರ್ತ ತಪ್ಪಿದ್ದು ಓದಿ ಬೇಜಾರಾಯಿತು. ನಾನು ಹಾಸನದಲ್ಲಿ ಸರ್ವೆ ಮತ್ತು ನಕ್ಷೆಯ ಪಾಠ ಮಾಡುತ್ತೇನೆ. ನನ್ನ ಹೆಂಡತಿಯ ತವರು ಮೂಡಿಗೆರೆ ಸೀಮೆಯಲ್ಲಿದೆ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ನೀವು ಹೋದ ದಾರಿಯಲ್ಲೇ ಓಡಾಡುತ್ತೇನೆ. ಬೇರೆ ಊರಿನ ಕಾರುಗಳು ತೋಟದ ಬಾಯಲ್ಲಿ ಹಿಂದೆ ಮುಂದೆ ಆಡಿಸುತ್ತಾ ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಳಗೆ ಕೂತ ಮಕ್ಕಳಿಗೆ ಅದು ಆಟ, ಸ್ಟೇರಿಂಗ್ ಹಿಡಿದವರಿಗೆ ಮೈಯೆಲ್ಲ ಬೆವರು.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ನಾನೊಂದು ಕೇಳುತ್ತೇನೆ. ಆ ಗೇಟಿನ ಮುಂದೆ ನಿಂತಾಗ ಫೋನಿನಲ್ಲಿ ನೀಲಿ ಚುಕ್ಕೆ ಎಲ್ಲಿತ್ತು? ಗೇಟು ಇರುವ ಜಾಗದಲ್ಲೇ ಇತ್ತು, ಅಲ್ವಾ? ಅಂದರೆ ನೀವು ಎಲ್ಲಿದ್ದೀರಿ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಿಮ್ಮ ಮುಂದೆ ಇರುವುದು ಎಂಥ ರಸ್ತೆ ಅನ್ನುವುದು. ಇವೆರಡೂ ಬೇರೆ ಬೇರೆ ವಿಷಯ. ಚುಕ್ಕೆ ಬರುವುದು ಆಕಾಶದಿಂದ. ಅದರ ಮುಂದೆ ಓಡುವ ನೀಲಿ ಗೆರೆ ಬರುವುದು ಯಾರೋ ಎಲ್ಲೋ ಕೂತು ಮಾಡಿದ ನಕ್ಷೆಯಿಂದ. ನಮ್ಮ ಕಡೆ ತೊಂದರೆ ಕೊಡುವುದು ಹತ್ತಕ್ಕೆ ಒಂಬತ್ತು ಸಲ ಗೆರೆಯೇ. ಬೈಗುಳ ಮಾತ್ರ ಜಿಪಿಎಸ್‌ಗೆ ಬೀಳುತ್ತದೆ.

ಮೊದಲು ಚುಕ್ಕೆಯ ಮಾತು ಮುಗಿಸಿಬಿಡೋಣ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಒಂದೊಂದರಲ್ಲೂ ಪರಮಾಣು ಗಡಿಯಾರ ಇದೆ. ‘ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ’ ಎಂದು ಅವು ಸಾರುತ್ತಲೇ ಇರುತ್ತವೆ. ಆ ಮಾತು ತಲುಪಲು ಎಷ್ಟು ಹೊತ್ತಾಯಿತು ಎಂದು ಫೋನು ಲೆಕ್ಕ ಹಾಕುತ್ತದೆ. ಕಡಿಮೆ ಎಂದರೆ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಜಾಗ ಸಿಕ್ಕಿತು. ಸಂಕೇತ ಓಡುವುದು ಬೆಳಕಿನ ವೇಗದಲ್ಲಿ. ಹಾಗಾಗಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಎಡವಟ್ಟಾದರೂ 300 ಮೀಟರ್ ತಪ್ಪಿಹೋಗುತ್ತದೆ. ಅಷ್ಟು ಸೂಕ್ಷ್ಮದ ಕೆಲಸವನ್ನು ನಮ್ಮ ಅಂಗೈಯಲ್ಲಿರುವ ಫೋನು ಮಾಡುತ್ತದೆ ಎಂದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಬಯಲಿನಲ್ಲಿ ನಿಂತರೆ ಐದು ಮೀಟರ್ ಆಚೆ ಈಚೆ ತೋರಿಸುತ್ತದೆ, ಅಷ್ಟೇ.

ಹಾಸನದವರಿಗೆ ಇದರಲ್ಲಿ ಒಂದು ಹೆಮ್ಮೆಯೂ ಇದೆ. ಇಲ್ಲಿ ನಾವೆಲ್ಲ ಎಂಸಿಎಫ್ ಎಂದು ಕರೆಯುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಕೆಲಸ ಮಾಡುತ್ತಿದೆ. ಜಿಪಿಎಸ್‌ನಂತೆಯೇ ಜಾಗ ತೋರಿಸುವ, ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಆ ಉಪಗ್ರಹಗಳ ಮೇಲೆ ಕಣ್ಣಿಡುವ ಕೆಲಸ ನಡೆಯುವುದೂ ನಮ್ಮ ಊರಿನಿಂದಲೇ. ಈಗಿನ ಹಲವು ಫೋನುಗಳು ಜಿಪಿಎಸ್ ಜೊತೆಗೆ ನಾವಿಕ್‌ನ ಸಂಕೇತವನ್ನೂ ಹಿಡಿಯುತ್ತವೆ.

ನೆಟ್‌ವರ್ಕ್ ಬಗ್ಗೆ ಕೇಳಿದ್ದೀರಿ. ಚುಕ್ಕೆಗೆ ನೆಟ್‌ವರ್ಕ್ ಬೇಕಾಗಿಲ್ಲ. ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದ ಜಾಗದಲ್ಲಿ, ಸಿಮ್ ತೆಗೆದಿಟ್ಟರೂ, ಜಿಪಿಎಸ್ ನಡೆಯುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಿಕೊಳ್ಳಲು, ಹೊಸ ದಾರಿ ಹುಡುಕಲು, ಮುಂದೆ ರಸ್ತೆ ಬಂದ್ ಆಗಿದೆಯೇ ಎಂದು ತಿಳಿಯಲು. ಫೋನು ಆಫ್ ಆಗಿ ಮತ್ತೆ ಆನ್ ಆದರೆ ಮಾತ್ರ ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕೆ ಸಿಗಲು ಹೊತ್ತಾಗುತ್ತದೆ. ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿಯನ್ನು ನೆಟ್‌ವರ್ಕ್ ಇದ್ದರೆ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಗಾಬರಿಯಾಗದೆ ಬಯಲು ಕಂಡ ಕಡೆ ಎರಡು ಮೂರು ನಿಮಿಷ ನಿಲ್ಲಿಸಿ, ತಾನೇ ಬರುತ್ತದೆ.

ಮಲೆನಾಡಿನಲ್ಲಿ ಚುಕ್ಕೆಯೂ ಸ್ವಲ್ಪ ಅಲೆಯುತ್ತದೆ, ಅದು ನಿಜ. ಉಪಗ್ರಹದ ಸಂಕೇತ ನಮ್ಮನ್ನು ತಲುಪುವಷ್ಟರಲ್ಲಿ ತುಂಬ ಸೊರಗಿರುತ್ತದೆ. ಮರದ ಎಲೆ, ಅದರಲ್ಲೂ ಒದ್ದೆ ಎಲೆ, ಅದನ್ನು ಇನ್ನಷ್ಟು ನುಂಗುತ್ತದೆ. ಗುಡ್ಡ ಅರ್ಧ ಆಕಾಶವನ್ನೇ ಮುಚ್ಚಿರುತ್ತದೆ. ಒಂದು ಜುಲೈ ತಿಂಗಳು ವಿದ್ಯಾರ್ಥಿಗಳ ಜೊತೆ ಹೋಗಿ ಇದನ್ನು ಕಣ್ಣಾರೆ ನೋಡಿದ್ದೇವೆ. ಸಿಲ್ವರ್ ಓಕ್ ಮರಗಳ ಕೆಳಗೆ ಒಂದು ಮೋರಿ ಕಟ್ಟೆಯ ಮೇಲೆ ಫೋನು ಇಟ್ಟು ಅರ್ಧ ಗಂಟೆ ಸುಮ್ನೆ ಕೂತೆವು. ಮಳೆ ಹನಿಯುತ್ತಿತ್ತು. ಫೋನು ಇದ್ದಲ್ಲೇ ಇತ್ತು. ಚುಕ್ಕೆ ಮಾತ್ರ ಮೆಲ್ಲಗೆ ರಸ್ತೆ ದಾಟಿ ಆಚೆ ಕಾಫಿ ಗಿಡಗಳ ನಡುವೆ ಹೋಯಿತು, ನಿಂತಿತು, ಮತ್ತೆ ವಾಪಸ್ ಬಂತು. ಹದಿನೈದು ಇಪ್ಪತ್ತು ಮೀಟರ್‌ನಷ್ಟು ಸುತ್ತಾಟ. ಮೇಲೆ ತೆರೆದ ಗದ್ದೆ ಬದುವಿಗೆ ತಂದಿಟ್ಟ ಕೂಡಲೇ ಕದಲದೆ ಕೂತಿತು. ಈ ಸುತ್ತಾಟದಿಂದ ದೊಡ್ಡ ನಷ್ಟವೇನೂ ಇಲ್ಲ. ಪಕ್ಕಪಕ್ಕದಲ್ಲೇ ಎರಡು ದಾರಿ ಕವಲೊಡೆಯುವ ಜಾಗದಲ್ಲಿ ಮಾತ್ರ ಅದು ತಪ್ಪು ಕವಲನ್ನು ತೋರಿಸಬಹುದು. ಅಂಥ ಕಡೆ ಐವತ್ತು ಮೀಟರ್ ಮುಂದೆ ಹೋಗಿ ಚುಕ್ಕೆ ಯಾವ ಗೆರೆಯ ಮೇಲಿದೆ ಎಂದು ನೋಡಿದರೆ ಸಾಕು.

ಈಗ ಗೆರೆಗೆ ಬರೋಣ. ನಿಮ್ಮ ಮುಹೂರ್ತ ತಪ್ಪಿಸಿದ್ದು ಅದೇ.

ಯಂತ್ರದ ಮಟ್ಟಿಗೆ ನಮ್ಮ ಜಿಲ್ಲೆ ಎಂದರೆ ಗಂಟು ಹಾಕಿದ ಒಂದು ಬಲೆ. ರಸ್ತೆಗಳು ಸೇರುವ ಜಾಗ ಗಂಟು, ಎರಡು ಗಂಟಿನ ನಡುವಿನ ರಸ್ತೆ ದಾರ. ಒಂದೊಂದು ದಾರಕ್ಕೂ ‘ಇಷ್ಟು ನಿಮಿಷ’ ಎಂಬ ಚೀಟಿ ಅಂಟಿಸಿರುತ್ತಾರೆ. ಈ ತುದಿಯಿಂದ ಆ ತುದಿಗೆ ಒಟ್ಟು ನಿಮಿಷ ಕಡಿಮೆ ಬರುವ ದಾರಗಳನ್ನು ಅದು ಆರಿಸುತ್ತದೆ. ಹೀಗೆ ಆರಿಸುವ ಉಪಾಯವನ್ನು ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಹೋಟೆಲಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಇಪ್ಪತ್ತೇ ನಿಮಿಷದಲ್ಲಿ ಯೋಚಿಸಿದರಂತೆ. 1959ರಲ್ಲಿ ಅಚ್ಚಾಯಿತು. ಇವತ್ತಿನ ಮ್ಯಾಪುಗಳು ಅದನ್ನೇ ಬೆಳೆಸಿಕೊಂಡು ನಡೆಯುತ್ತವೆ. ಕಾಫಿ ನಾಡಿನ ಮಕ್ಕಳಿಗೆ ಪಾಠ ಮಾಡುವಾಗ ನಾನು ಈ ಕತೆ ಹೇಳದೆ ಬಿಡುವುದಿಲ್ಲ.

ಆ ಉಪಾಯ ತಪ್ಪುವುದಿಲ್ಲ. ತಪ್ಪುವುದು ಚೀಟಿಯ ಮೇಲೆ ಬರೆದ ನಿಮಿಷ. ತೋಟದೊಳಗಿನ ರಸ್ತೆಯನ್ನು ಯಾರೋ ಉಪಗ್ರಹದ ಚಿತ್ರ ನೋಡಿ ಎಳೆದಿರುತ್ತಾರೆ. ಮೇಲಿನಿಂದ ನೋಡಿದರೆ ಅದೊಂದು ಕೆಂಪು ಎಳೆ, ಪಕ್ಕದ ಪಂಚಾಯಿತಿ ರಸ್ತೆಯೂ ಒಂದು ಎಳೆ. ಗೇಟು ಕಾಣುವುದಿಲ್ಲ. ದಾರಿಗೆ ಅಡ್ಡ ಹಾಕಿದ ಉಣುಗೋಲು ಕಾಣುವುದಿಲ್ಲ. ಜೂನ್ ತಿಂಗಳಲ್ಲಿ ಚಕ್ರ ಅರ್ಧ ಹೂತುಹೋಗುತ್ತದೆ ಎಂಬುದು ಫೆಬ್ರವರಿಯ ಬಿಸಿಲಲ್ಲಿ ತೆಗೆದ ಚಿತ್ರದಲ್ಲಿ ಎಲ್ಲಿ ಕಾಣಬೇಕು? ಹಾಗಾಗಿ ಅದಕ್ಕೂ ಮಾಮೂಲಿ ಹಳ್ಳಿ ರಸ್ತೆಯ ವೇಗವನ್ನೇ ಬರೆದುಬಿಡುತ್ತಾರೆ. ಇನ್ನೊಂದು ವಿಷಯವೂ ಇದೆ. ಜನರ ಫೋನುಗಳು ಎಷ್ಟು ವೇಗವಾಗಿ ಸಾಗುತ್ತಿವೆ ಎಂಬುದನ್ನು ನೋಡಿ ಮ್ಯಾಪ್ ಕಲಿಯುತ್ತದೆ. ಆ ದಾರಿಯಲ್ಲಿ ದಿನವೂ ಓಡಾಡುವವರು ಯಾರು? ತೋಟದ ಜೀಪು, ಕಾಫಿ ಮೂಟೆ ಹೇರಿದ ಪಿಕಪ್ಪು. ಅವರಿಗೆ ಪ್ರತಿ ಗುಂಡಿಯ ಪರಿಚಯ ಇದೆ, ಜೋರಾಗಿಯೇ ಹೋಗುತ್ತಾರೆ. ಫೋನಿಗೆ ಯಾವುದು ಜೀಪು, ಯಾವುದು ತಗ್ಗಿನ ಕಾರು ಎಂಬ ಭೇದ ಗೊತ್ತಾಗುವುದಿಲ್ಲ. ‘ಇಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ’ ಎಂದು ಬರೆದುಕೊಳ್ಳುತ್ತದೆ. ನಿಮಗೆ ಸಿಕ್ಕ ಏಳು ನಿಮಿಷದ ಲಾಭ ಹೀಗೆ ಹುಟ್ಟಿದ್ದು.

ಗೂಗಲ್ 2024ರ ಜುಲೈನಲ್ಲಿ ಕಾರುಗಳನ್ನು ಇಕ್ಕಟ್ಟಿನ ರಸ್ತೆಯಿಂದ ತಪ್ಪಿಸುವ ಸೌಲಭ್ಯವನ್ನು ನಮ್ಮ ದೇಶದಲ್ಲಿ ತಂದಿತು. ಒಳ್ಳೆಯ ಕೆಲಸ. ಆದರೆ ಶುರು ಮಾಡಿದ್ದು ಬೆಂಗಳೂರು, ಹೈದರಾಬಾದ್, ಚೆನ್ನೈ ಮುಂತಾದ 8 ನಗರಗಳಲ್ಲಿ. ಅದರ ಅಗತ್ಯ ಜಾಸ್ತಿ ಇರುವುದು ಬೇಲೂರು, ಸಕಲೇಶಪುರ, ಮೂಡಿಗೆರೆಯಂಥ ಕಡೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಗರದಲ್ಲಿ ಸಿಕ್ಕಿಹಾಕಿಕೊಂಡರೆ ಹತ್ತು ಜನ ಬಂದು ಗಾಡಿ ತಿರುಗಿಸಿಕೊಡುತ್ತಾರೆ. ಇಲ್ಲಿ ಸಂಜೆ ಆರರ ಮೇಲೆ ಕೂಗಿದರೂ ಯಾರೂ ಇರುವುದಿಲ್ಲ.

ಗೆರೆಯ ಇನ್ನೊಂದು ಚೇಷ್ಟೆ ಹೇಳುತ್ತೇನೆ. ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಾವು ಹುಡುಕುವ ಮನೆಯ ಪಿನ್ನು ರಸ್ತೆಯ ಮೇಲೆ ಇರುವುದಿಲ್ಲ, ಮನೆಯ ಮೇಲೋ ಎಸ್ಟೇಟಿನ ನಟ್ಟನಡುವೆಯೋ ಇರುತ್ತದೆ. ಮ್ಯಾಪ್ ಏನು ಮಾಡುತ್ತದೆ ಎಂದರೆ, ಆ ಪಿನ್ನಿಗೆ ಹತ್ತಿರ ತನಗೆ ಗೊತ್ತಿರುವ ರಸ್ತೆ ಯಾವುದು ಎಂದು ನೋಡಿ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಹತ್ತಿರ ಎಂದರೆ ಹಕ್ಕಿ ಹಾರುವ ಲೆಕ್ಕ. ನಡುವೆ ಹಳ್ಳ ಇದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಒಮ್ಮೆ ಆಲ್ದೂರಿನ ಆಚೆ ಒಬ್ಬ ಹಳೆಯ ವಿದ್ಯಾರ್ಥಿಯ ಮನೆಗೆ ಹೊರಟಿದ್ದೆ. ‘ನೀವು ತಲುಪಿದ್ದೀರಿ’ ಎಂದು ಫೋನು ಹೇಳಿತು. ಎದುರಿಗೆ ಮೊಣಕಾಲು ಮಟ್ಟದ ಹಳ್ಳ ಭೋರೆಂದು ಹರಿಯುತ್ತಿತ್ತು. ಆಚೆ ದಡದಲ್ಲಿ ಅವನ ಮನೆ, ಅಂಗಳದಲ್ಲಿ ಅವನ ತಾಯಿ, ಕೈಯಲ್ಲಿ ಕಾಫಿ ಲೋಟ. ಎಂಬತ್ತು ಮೀಟರ್ ಇರಬಹುದು. ದಾಟಲು ಎರಡು ಅಡಿಕೆ ಮರ ಹಾಸಿದ ಸಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಅಲ್ಲಿಂದಲೇ ಕೂಗಿ ಹೇಳಿದರು: ‘ಎಲ್ಲರೂ ಮೊದಲು ಅಲ್ಲಿಗೇ ಬರ್ತಾರೆ ಮೇಷ್ಟ್ರೇ, ಸುತ್ತಿಕೊಂಡು ಬನ್ನಿ, ಕಾಫಿ ಬಿಸಿ ಇಟ್ಟಿರ್ತೀನಿ!’ ಸುತ್ತಿಕೊಂಡು ಹೋಗಲು ಒಂಬತ್ತು ಕಿಲೋಮೀಟರ್. ಊಟಕ್ಕೆ ಕೂತಾಗ ಮನೆಮಂದಿಯೆಲ್ಲ ಹಳ್ಳದ ಆಚೆಗೆ ಬಂದು ನಿಂತವರ ಕತೆಗಳನ್ನು ಒಂದೊಂದಾಗಿ ಹೇಳಿ ನಗಿಸಿದರು. ಮದುವೆ ಊಟದ ಪಾತ್ರೆಗಳನ್ನು ತಂದ ವ್ಯಾನೂ ಅಲ್ಲೇ ನಿಂತಿತ್ತಂತೆ. ಊಟ ಮುಗಿದ ಮೇಲೆ ನಾನೂ ಅವನೂ ಹೊರಗೆ ಹೋಗಿ ಅವರ ಗೇಟಿನ ಎದುರು, ಸರಿಯಾದ ರಸ್ತೆಯ ಮೇಲೆ ನಿಂತು, ಪಿನ್ನನ್ನು ಅಲ್ಲಿಗೆ ಸರಿಸಿದೆವು. ಈಗ ಹಳ್ಳದ ಹತ್ತಿರ ಯಾರೂ ಬರುತ್ತಿಲ್ಲ.

ಹೆಸರಿನ ಗೋಜಲೂ ಕಡಿಮೆಯದಲ್ಲ. ಆಲೂರು ಇರುವುದು ಹಾಸನ ಜಿಲ್ಲೆಯಲ್ಲಿ, ಸಕಲೇಶಪುರದ ಕಡೆಗೆ. ಆಲ್ದೂರು ಇರುವುದು ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಬೇಲೂರಿಗೂ ಮೂಡಿಗೆರೆ ತಾಲ್ಲೂಕಿನ ಬಾಳೂರಿಗೂ ಅದೇ ಕತೆ. ಕೊಪ್ಪ ಎಂದು ಹೊಡೆದರೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವೇ ಬರಬೇಕೆಂದಿಲ್ಲ, ಮದ್ದೂರಿನ ಕಡೆಯ ಕೊಪ್ಪವೂ ಬರಬಹುದು. ಹೊಸಹಳ್ಳಿ, ಹೊಸೂರು ಬಿಡಿ, ಹೋಬಳಿಗೊಂದು ಇವೆ. ನನ್ನ ಸಲಹೆ, ಊರಿನ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ, ಜೊತೆಗೆ ತಾಲ್ಲೂಕಿನ ಹೆಸರನ್ನೂ ಸೇರಿಸಿ. ಫೋನಿನಲ್ಲಿ ಕನ್ನಡದ ಧ್ವನಿ 2018ರಿಂದ ಸಿಗುತ್ತಿದೆ, ಅದನ್ನೂ ಹಾಕಿಕೊಳ್ಳಿ. ಉಚ್ಚಾರ ಕೆಲವು ಕಡೆ ಇನ್ನೂ ಮಗುವಿನದು. ಬಣಕಲ್ ‘ಬನಕಲ್’ ಆಗುತ್ತದೆ, ಕೊಟ್ಟಿಗೆಹಾರ ‘ಕೋಟಿಗೆಹರ’ ಆಗುತ್ತದೆ. ನಮ್ಮ ಅತ್ತೆ ಒಂದು ಸಲ ‘ಇದ್ಯಾವ ಊರು, ನಮ್ಮ ಸೀಮೆಯಲ್ಲಿ ನಾನು ಕೇಳೇ ಇಲ್ಲ’ ಎಂದು ಕಿಟಕಿಯಿಂದ ಇಣುಕಿ, ತಾವು ಓದಿದ ಶಾಲೆಯನ್ನೇ ಕಂಡು ನಕ್ಕಿದ್ದರು. ಆದರೂ ‘ಎಡಕ್ಕೆ ತಿರುಗಿ’ ಎಂದು ಕನ್ನಡದಲ್ಲಿ ಕೇಳಿದರೆ ಹಿಂದಿನ ಸೀಟಿನ ಹಿರಿಯರೂ ದಾರಿಯ ಮೇಲೆ ನಿಗಾ ಇಡುತ್ತಾರೆ. ಅದು ದೊಡ್ಡ ಸಹಾಯ.

ಘಾಟಿಯ ಮಾತು ಬಂದರೆ ನಗು ಸಾಕು. ಶಿರಾಡಿ, ಚಾರ್ಮಾಡಿ ಎರಡೂ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತವೆ ಎಂದು ಹೇಳಲು ಬರುವುದಿಲ್ಲ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಇಂಥ ಸುದ್ದಿ ಮ್ಯಾಪಿಗೆ ತಾನಾಗಿ ಗೊತ್ತಾಗುವುದಿಲ್ಲ. ಯಾರಾದರೂ ತಿಳಿಸಬೇಕು, ಇಲ್ಲವೇ ನೂರಾರು ಫೋನುಗಳು ಅಲ್ಲಿ ನಿಂತುಬಿಟ್ಟಿರುವುದು ಕಾಣಬೇಕು. ರಾತ್ರಿ ಹೊತ್ತು, ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ, ಎರಡೂ ಆಗದೆ ಹೋಗಬಹುದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಹತ್ತಿರ ಏನಾಯಿತು ಎಂದು ನೀವು ಓದಿರಬಹುದು. ನ್ಯಾವಿಗೇಶನ್ ನೋಡಿಕೊಂಡು ಹೋಗುತ್ತಿದ್ದ ಕಾರು, ಪ್ರವಾಹದಲ್ಲಿ ಮುಂದಿನ ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಗೆರೆ ನೇರವಾಗಿಯೇ ಇತ್ತು, ಸೇತುವೆ ಇರಲಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ ಗಾಡಿ ನಿಲ್ಲಿಸಿ ಕೇಳಿಯೇ ಇಳಿಯಿರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ, ಕೆಳಗಿನಿಂದ ಬಂದ ಬಸ್ಸಿನ ಡ್ರೈವರನ್ನು ಕೇಳಿದರೆ ಅರ್ಧ ಗಂಟೆ ಹಿಂದಿನ ರಸ್ತೆಯ ಸ್ಥಿತಿ ಗೊತ್ತಾಗುತ್ತದೆ. ಅದಕ್ಕಿಂತ ತಾಜಾ ಸುದ್ದಿ ಯಾವ ಫೋನಿನಲ್ಲೂ ಇಲ್ಲ.

ಕಾರಿನಲ್ಲೇ ಬರುವ ನ್ಯಾವಿಗೇಶನ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅದರಲ್ಲಿ ಒಳ್ಳೆಯದೂ ಇದೆ. ಚಕ್ರ ಎಷ್ಟು ಸುತ್ತಿತು, ಗಾಡಿ ಯಾವ ಕಡೆ ತಿರುಗಿತು ಎಂಬ ಲೆಕ್ಕವನ್ನೂ ಹಿಡಿಯುವ ಕಾರುಗಳಿವೆ. ಸುರಂಗದಲ್ಲಿ, ದಟ್ಟ ಮರದ ಕೆಳಗೆ ಅಂಥವುಗಳ ಚುಕ್ಕೆ ಅಷ್ಟಾಗಿ ಅಲೆಯುವುದಿಲ್ಲ. ಆದರೆ ನಿಮ್ಮ ಕಷ್ಟ ಚುಕ್ಕೆಯದಲ್ಲ, ಗೆರೆಯದು. ಆ ವಿಷಯದಲ್ಲಿ ಕಾರಿನ ಮ್ಯಾಪ್ ಫೋನಿನದಕ್ಕಿಂತ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು. ಎಷ್ಟೋ ಮಂದಿ ಕಾರು ತೆಗೆದುಕೊಂಡ ದಿನದಿಂದ ಅದನ್ನು ಅಪ್‌ಡೇಟ್ ಮಾಡಿಸಿಯೇ ಇರುವುದಿಲ್ಲ. ಇನ್ನು ಫೋನಿಗೆ ಜೋಡಿಸುವ ದೊಡ್ಡ ಸ್ಕ್ರೀನು ಎಂದರೆ ಅದೇ ಫೋನಿನ ಮ್ಯಾಪ್, ದೊಡ್ಡದಾಗಿ ಕಾಣುತ್ತದೆ ಅಷ್ಟೇ.

ಹಾಗಾದರೆ ಏನು ಮಾಡಬೇಕು? ಹೊರಡುವ ಹಿಂದಿನ ರಾತ್ರಿ ಹತ್ತು ನಿಮಿಷ ಕೊಡಿ. ಇಡೀ ದಾರಿಯನ್ನು ಮ್ಯಾಪಿನಲ್ಲಿ ದೊಡ್ಡದು ಮಾಡಿ ನೋಡಿ. ಹಾಸನ, ಬೇಲೂರು, ಮೂಡಿಗೆರೆ ಎಂದು ನಡುವಿನ ಊರುಗಳನ್ನು ನಿಲುಗಡೆಗಳಾಗಿ ನೀವೇ ಸೇರಿಸಿ. ಆಗ ಅದು ಅಡ್ಡದಾರಿಗೆ ಎಳೆಯುವುದು ತುಂಬ ಕಡಿಮೆಯಾಗುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಮ್ಯಾಪ್ ಆಫ್‌ಲೈನ್ ಆಗಿ ಇಳಿಸಿಕೊಳ್ಳಿ. ನಾದಿನಿಯವರಿಗೆ ಫೋನು ಮಾಡಿ, ಮನೆಯೊಳಗೆ ಕೂತು ಲೊಕೇಶನ್ ಕಳಿಸುವ ಬದಲು ಟಾರು ರಸ್ತೆಯ ಗೇಟಿನ ಹತ್ತಿರ ನಿಂತು ಕಳಿಸಲು ಹೇಳಿ. ದಾರಿಯಲ್ಲಿ ‘ಬೇಗ ಹೋಗುವ ದಾರಿ ಸಿಕ್ಕಿದೆ’ ಎಂದು ಅದು ಕೇಳಿದಾಗ ‘ಬೇಡ’ ಒತ್ತಿ. ಸುಮ್ಮನಿದ್ದರೆ ಕೆಲವು ಸಲ ಅದೇ ಬದಲಾಯಿಸಿಬಿಡುತ್ತದೆ, ಮತ್ತು ಇದನ್ನು ಒತ್ತುವ ಕೆಲಸ ಪಕ್ಕದಲ್ಲಿ ಕೂತವರದ್ದಾಗಿರಲಿ. ನಾನು ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಕಟ್ಟುನಿಟ್ಟು ಏನೆಂದರೆ, ಬೇಲೂರು ದಾಟಿದ ಮೇಲೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಉಳಿಸುವ ಯಾವ ಅಡ್ಡದಾರಿಯನ್ನೂ ಹಿಡಿಯುವುದಿಲ್ಲ.

ತಪ್ಪಿ ಹಿಡಿದೇಬಿಟ್ಟಿರಿ ಅನ್ನಿ. ರಸ್ತೆಯನ್ನೇ ನೋಡಿ, ಅದು ಮುಂಚಿತವಾಗಿ ಹೇಳುತ್ತದೆ. ಎರಡು ಚಕ್ರದ ಜಾಡಿನ ನಡುವೆ ಹುಲ್ಲು ಎದ್ದಿದೆಯೇ? ಅಲ್ಲಿಗೆ ಸಾಕು. ಆ ಹುಲ್ಲು ಕಾರುಗಳ ಹೊಟ್ಟೆ ತಾಗಿದ್ದರೆ ಅಷ್ಟು ಎತ್ತರ ಬೆಳೆಯುತ್ತಿರಲಿಲ್ಲ, ಅಲ್ಲಿ ಓಡಾಡುವುದು ಎತ್ತರದ ಜೀಪು ಮಾತ್ರ. ಕರೆಂಟು ಕಂಬಗಳ ಸಾಲು ಬೇರೆ ಕಡೆ ತಿರುಗಿ ಹೋಗಿದ್ದರೂ ಅದೇ ಅರ್ಥ, ಮುಂದೆ ಮನೆಗಳಿಲ್ಲ. ತಿರುಗಿಸಲು ಜಾಗ ಇರುವಾಗಲೇ ತಿರುಗಿಸಿ. ಇಳಿಜಾರಿನಲ್ಲಿ ‘ಇನ್ನು ಸ್ವಲ್ಪ ಹೋಗಿ ನೋಡೋಣ’ ಎಂದು ಇಳಿಯಬೇಡಿ. ಇಳಿದ ಕೆಸರನ್ನು ಹತ್ತಲು ಆಗುವುದಿಲ್ಲ. ಇಕ್ಕಟ್ಟಿನಲ್ಲಿ ಎದುರು ಗಾಡಿ ಬಂದರೆ ಏರು ಹತ್ತುತ್ತಿರುವವರಿಗೆ ದಾರಿ ಬಿಡಬೇಕು. ಅದು ಕಾನೂನೂ ಹೌದು.

ಇನ್ನು ನಿಮ್ಮ ಮಾವನವರ ಮಾತು. ಅವರು ಹೇಳಿದ್ದು ಸರಿ. ಆದರೆ ಕೇಳುವುದಕ್ಕೂ ಒಂದು ರೀತಿ ಇದೆ. ‘ಬಣಕಲ್‌ಗೆ ಈ ಕಡೆ ದಾರಿ ಇದೆಯಾ?’ ಎಂದು ಕೇಳಿದರೆ ನಮ್ಮ ಜನ ‘ಇದೆ’ ಎನ್ನುತ್ತಾರೆ. ಸುಳ್ಳಲ್ಲ, ಅವರು ದಿನಾ ನಡೆದು ಹೋಗುತ್ತಾರೆ. ‘ಎಷ್ಟು ದೂರ?’ ಎಂದರೆ ‘ಇಲ್ಲೇ, ಒಂದು ಕೂಗಳತೆ’ ಎನ್ನುತ್ತಾರೆ. ಅದೂ ಸುಳ್ಳಲ್ಲ. ನೀವು ಕೇಳಬೇಕಾದದ್ದು, ‘ಈ ಕಾರು ಹೋಗುತ್ತಾ?’ ಎಂದು, ಕಾರನ್ನು ತೋರಿಸಿ. ಅವರು ಚಕ್ರದ ಕಡೆ ಬಗ್ಗಿ ನೋಡಿ ಹೇಳುತ್ತಾರೆ. ಇನ್ನೂ ಒಳ್ಳೆಯದು, ‘ಬಸ್ಸು ಹೋಗುವ ದಾರಿ ಯಾವುದು?’ ಎಂದು ಕೇಳುವುದು. ಬಸ್ಸು ಹೋಗುವ ರಸ್ತೆಯಲ್ಲಿ ಕಾರು ಹೋಗಿಯೇ ಹೋಗುತ್ತದೆ. ಹಾಲಿನ ವ್ಯಾನಿನವರು, ಪೋಸ್ಟ್‌ಮ್ಯಾನ್, ಪಿಕಪ್ ಡ್ರೈವರು ಸಿಕ್ಕರೆ ಅವರನ್ನೇ ಮೊದಲು ಕೇಳಿ.

ದಾರಿ ತೋರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವಾಗ ಕೈಮರ ಸಿಗುತ್ತದೆ. ಮೂಡಿಗೆರೆಯ ಹತ್ತಿರ ಹ್ಯಾಂಡ್‌ಪೋಸ್ಟ್ ಇದೆ. ಎರಡರ ಅರ್ಥವೂ ಒಂದೇ. ಕೂಡುರಸ್ತೆಯಲ್ಲಿ ನೆಟ್ಟು, ಕೈ ಚಾಚಿದಂತೆ ಊರಿನ ಹೆಸರು ಬರೆದ ಕಂಬ. ಆ ಕಂಬಗಳು ಜನರಿಗೆ ಎಷ್ಟು ಮುಖ್ಯವಾಗಿದ್ದವು ಎಂದರೆ ಜಾಗಕ್ಕೇ ಅವುಗಳ ಹೆಸರು ಉಳಿದುಬಿಟ್ಟಿತು. ತೋಟದ ಮಾಲೀಕರಿಗೆ ನನ್ನದೊಂದು ಕೋರಿಕೆ ಇದೆ: ನಿಮ್ಮ ಖಾಸಗಿ ರಸ್ತೆ ಮುಖ್ಯರಸ್ತೆಗೆ ಸೇರುವ ಜಾಗದಲ್ಲಿ, ಗೇಟಿನ ಹತ್ತಿರ ಅಲ್ಲ, ಮುಖ್ಯರಸ್ತೆಯ ಬಾಯಲ್ಲೇ, ‘ಇದು ತೋಟದ ರಸ್ತೆ, ಮುಂದೆ ದಾರಿ ಇಲ್ಲ’ ಎಂದು ಒಂದು ಬೋರ್ಡು ಹಾಕಿ. ಎರಡು ಕಿಲೋಮೀಟರ್ ಒಳಗೆ ಬಂದ ಮೇಲೆ ಬೀಗ ಕಂಡರೆ ಬಂದವರಿಗೂ ಕಷ್ಟ, ಗೇಟಿನ ಹತ್ತಿರ ಇರುವವರಿಗೂ ದಿನಾ ಅದೇ ಉತ್ತರ ಹೇಳಬೇಕು.

ಮ್ಯಾಪನ್ನು ತಿದ್ದುವುದೂ ನಮ್ಮ ಕೈಯಲ್ಲೇ ಇದೆ. ರಸ್ತೆಯ ಮೇಲೆ ಬೆರಳಿಟ್ಟು ಇದು ಖಾಸಗಿ, ಇಲ್ಲಿ ಗೇಟಿದೆ ಎಂದು ತಿಳಿಸುವ ಸೌಲಭ್ಯ ಹೆಚ್ಚಿನ ಮ್ಯಾಪುಗಳಲ್ಲಿ ಇದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತೂ ಪೂರ್ತಿ ಜನರೇ ಸೇರಿ ಮಾಡುವ ನಕ್ಷೆ. ಅದರಲ್ಲಿ ಗೇಟು, ಸಂಕ, ಮಣ್ಣಿನ ರಸ್ತೆ ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು, ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ನನ್ನ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ತಮ್ಮ ತಮ್ಮ ಊರಿನ ಐದು ಗೇಟುಗಳನ್ನು ಗುರುತಿಸಿ ಬರಬೇಕು. ಅದೇ ಅವರ ರಜೆಯ ಹೋಂವರ್ಕ್.

ನಿಮ್ಮನ್ನು ನಿಲ್ಲಿಸಿದ ಆ ಗೇಟು ಇನ್ನೂ ಹಾಗೇ ಇರಬೇಕು. ಮೂರನೆಯವರಾಗಿ ನೀವು ಹೋದಿರಿ, ನಾಲ್ಕನೆಯವರು ಇಷ್ಟರಲ್ಲಿ ಹೋಗಿಯೂ ಇರಬಹುದು. ಫೋನಿನ ಟೈಮ್‌ಲೈನ್ ಆನ್ ಇದ್ದರೆ ಆ ದಿನ ನೀವು ಎಲ್ಲಿ ನಿಂತಿದ್ದಿರಿ ಎಂಬುದು ಅದರಲ್ಲಿ ಸಿಗುತ್ತದೆ. ಗೇಟಿನ ಫೋಟೋ ತೆಗೆದಿದ್ದರೆ ಆ ಫೋಟೋದಲ್ಲೂ ಜಾಗದ ಗುರುತು ಸೇರಿರಬಹುದು. ಅದನ್ನು ನನಗೆ ಕಳಿಸಿ. ಮುಂದಿನ ವಾರ ಮೂಡಿಗೆರೆಗೆ ಹೋಗುವವನಿದ್ದೇನೆ. ಎಡಕ್ಕೆ ತಿರುಗುವ ಆ ಕವಲಿನಲ್ಲಿ ಇಳಿದು ನೋಡಿ, ಗೇಟಿನ ಹತ್ತಿರ ಇರುವ ಆ ಹೆಂಗಸನ್ನೂ ಮಾತಾಡಿಸಿ, ರಸ್ತೆಯನ್ನು ಗೂಗಲ್, ಓಪನ್‌ಸ್ಟ್ರೀಟ್‌ಮ್ಯಾಪ್ ಎರಡರಲ್ಲೂ ಸರಿ ಮಾಡಿ ಬರುತ್ತೇನೆ.